ಬಾಯಿ ತಗೀರಿ

ನಮ್ಮೂರು ದರಿಬಡಚಿಯಲ್ಲಿ ಕುರಿಯ ಬಾಯಿ ನೋಡುವುದರಲ್ಲಿ ನನ್ನ ಗಂಡನನ್ನು ಮೀರಿಸಿದವರಿಲ್ಲ. ಅಮಾವಾಸ್ಯೆಗೊಮ್ಮೆ ಅರವತ್ತು ಕುರಿಗಳನ್ನೂ ಒಂದೊಂದಾಗಿ ಮೊಣಕಾಲ ಸಂದಿಯಲ್ಲಿ ಹಿಡಿದು, ದವಡೆ ಅಗಲಿಸಿ, ಹುಣ್ಣಿದೆಯೇ ಎಂದು ನೋಡುವುದು ಅವರ ನೇಮ. ಕುರಿ ಮೇವು ಬಿಡುವವರೆಗೆ ಕಾಯುವವನು ಕುರಿಗಾರನೇ ಅಲ್ಲ ಎನ್ನುತ್ತಿದ್ದರು.

ಸ್ವಂತ ಬಾಯಿಯ ಮಾತು ಬಂದರೆ ಮಾತ್ರ ಈ ಮನುಷ್ಯನ ಕಿವಿ ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಎಡಗೆನ್ನೆಯಲ್ಲಿ ತಂಬಾಕು-ಸುಣ್ಣ ಇಟ್ಟುಕೊಂಡವರು. ೧೯೫೫ರ ಬೇಸಿಗೆಯಲ್ಲಿ ಮಿರಜಿನ ಡಾಕ್ಟರರೊಬ್ಬರು ಜತ್ತದ ಸಂತೆಗೆ ಬಂದು, "ತಂಬಾಕು ತಿನ್ನವರು ನೋವಿಲ್ಲಂದ್ರೂ ವರ್ಷಕ್ಕೊಮ್ಮಿ ಬಾಯಿ ತೋರಿಸ್ರಿ. ಕ್ಯಾನ್ಸರ್ ಮೊದಲಿಗೆ ನೋಯೂದಿಲ್ಲ," ಎಂದು ಹೇಳಿ ಹೋದರು.

"ನನಗೇನಾಗೇತಿ? ನಾಕು ರೊಟ್ಟಿ ತಿಂತೀನಿ," ಎಂದು ಗಂಡ ಕಂಬಳಿ ಕೊಡವಿ ಎದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಅವರು ಅಂಗಳದ ಬಿಸಿಲಲ್ಲಿ ಕೂತಿದ್ದಾಗ ನಾದಿನಿ ಚಂದ್ರಾಬಾಯಿ ಹಿಂದಿನಿಂದ ಅವರ ಹೆಗಲು ಹಿಡಿದಳು. ನಾನು ಕಾಲ ಮೇಲೇ ಕೂತು ಗಲ್ಲ ಹಿಡಿದೆ.

"ಬಿಡ್ರೇ! ನಾ ಏನ ಕುರಿ ಏನು?"

"ಕುರಿ ಇಷ್ಟ ಒದರೂದಿಲ್ಲರಿ. ಬಾಯಿ ತಗೀರಿ!"

"ಗಟ್ಟಿ ಹಿಡಿ ವೈನಿ, ಜಾರ್ತಾನ!" ಎಂದು ಚಂದ್ರಾಬಾಯಿ ಬಿದ್ದು ಬಿದ್ದು ನಕ್ಕಳು.

ಕೆನ್ನೆಯೊಳಗೆ ಜೋಳದ ಕಾಳಿನಷ್ಟು ಬಿಳಿ ಕಲೆ, ನಡುವೆ ಕೆಂಪು ಹುಣ್ಣು. ನಮ್ಮ ನಗು ನಿಂತಿತು. ಒತ್ತಿದರೂ ನೋವಿಲ್ಲ ಎಂದರು. ನೋವಿಲ್ಲ ಎಂದದ್ದಕ್ಕೇ ನನಗೆ ಹೆದರಿಕೆಯಾಯಿತು.

ಮರುದಿನವೇ ಬಸ್ಸು ಹತ್ತಿ ಮಿರಜಿಗೆ ಹೋದೆವು. ಪರೀಕ್ಷೆಯಾಯಿತು, ಹುಣ್ಣನ್ನು ಕೊಯ್ದು ತೆಗೆದರು. ಎಂಟು ದಿನದ ಮೇಲೆ ಡಾಕ್ಟರರು ಹೇಳಿದರು: "ಭರಮಣ್ಣಾ, ಕ್ಯಾನ್ಸರೇ ಇತ್ತು. ಪೂರಾ ತಗದೀವಿ. ವರ್ಷ ಬಿಟ್ಟು ಬಂದಿದ್ರ ದವಡಿನ ತಗೀಬೇಕಾಗ್ತಿತ್ತು. ಆರ ತಿಂಗಳಿಗೊಮ್ಮಿ ಬಂದು ತೋರಿಸು."

ನಾನು ಕುಣಿಯುವುದೊಂದು ಬಾಕಿ. ನನ್ನ ಮಾತು ಕೇಳಿದ್ದಕ್ಕೆ ಬದುಕಿದಿರಿ ಎಂದು ಇಡೀ ವಾರ್ಡಿಗೆ ಕೇಳುವಂತೆ ಗಂಡನಿಗೆ ಬುದ್ಧಿ ಹೇಳಿದೆ. ಡಾಕ್ಟರರು ನನ್ನನ್ನೇ ನೋಡುತ್ತಿದ್ದರು.

"ನಿಮ್ಮ ಹಲ್ಲು ಯಾಕವ್ವಾ ಇಷ್ಟು ಕರ್ರಗ?"

"ಮಶೇರಿರಿ. ದಿನಾ ತಿಕ್ಕತೀನಿ."

"ಅದು ಸುಟ್ಟ ತಂಬಾಕನ ಅಲ್ಲೇನು? ನಿಮ್ಮ ಬಾಯಿ ಯಾರು ನೋಡ್ಯಾರ?"

ಊರ ಹೆಂಗಸರೆಲ್ಲ ಹಲ್ಲಿಗೆ ತಿಕ್ಕುವ ಆ ಕರಿ ಪುಡಿಯನ್ನು ನಾವ್ಯಾರೂ ತಂಬಾಕಿನ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. "ಮುಂದಿನ ಸಲ ತೋರಸ್ತೀನ್ರಿ," ಎಂದು ಬಾಗಿಲ ಕಡೆ ಸರಿದೆ. ಗಂಡನದು ಹಟವಲ್ಲ, ಹೆದರಿಕೆಯಾಗಿತ್ತು ಎಂದು ಆಗ ತಿಳಿಯಿತು.

ಕೆನ್ನೆಗೆ ಹೊಲಿಗೆ ಹಾಕಿದ್ದರಿಂದ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಎದ್ದು ಬಂದು ನನ್ನ ಹೆಗಲು ಹಿಡಿದು ಸ್ಟೂಲಿನ ಮೇಲೆ ಮೆಲ್ಲಗೆ ಕೂರಿಸಿದರು. ಬಾಯಿ ತೆರೆದೆ. ಡಾಕ್ಟರರು ಕೆನ್ನೆ, ನಾಲಿಗೆ, ವಸಡು ನೋಡುವಷ್ಟು ಹೊತ್ತೂ ಅವರು ನನ್ನ ಹೆಗಲ ಮೇಲಿನ ಕೈ ತೆಗೆಯಲಿಲ್ಲ.

"ಎಲ್ಲಾ ಚಲೋ ಐತಿ. ಮಶೇರಿ ಬಿಡ್ರಿ. ಆರ ತಿಂಗಳಿಗೆ ಇಬ್ಬರೂ ಕೂಡೇ ಬರ್ರಿ."

ನಾನು ಅತ್ತುಬಿಟ್ಟೆ. ನನ್ನ ಗಂಡ ಹೊಲಿಗೆ ಮರೆತು ಬಾಯಿತುಂಬ ನಕ್ಕು, ಮರುಕ್ಷಣವೇ ಅಯ್ಯೋ ಎಂದು ಕೆನ್ನೆ ಹಿಡಿದುಕೊಂಡರು.