ಹೊರಿಯಾಕಿ

"ಇಕಿಗೆ ಬಂದೂಕ ಇಲ್ಲೇನು?" ನೀಲಮ ಪರದೆಯತ್ತ ಬಾಗಿ ಕೇಳಿದಳು.

"ಇಲ್ಲ. ಇಕಿ ಬರೇ ಗುಂಡು ಹೊತ್ತು ಕೊಡಾಕಿ," ಎಂದ ಸಂಗ್ರಾಮ.

ಚಿಕ್ಕೋಡಿಯಲ್ಲಿ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದ ನೀಲಮ, ಸಂಗ್ರಾಮ, ಶ್ರೇಣಿಕ ಮೂವರೂ ಸೇರಿ ಪ್ರಾಜೆಕ್ಟಿಗೆಂದು ಗುಂಡು ಹಾರಿಸುವ ಆಟವೊಂದನ್ನು ಕಟ್ಟುತ್ತಿದ್ದರು. ಪ್ರತಿ ತಂಡದಲ್ಲೂ ನಾಲ್ಕು ಬಗೆಯ ಪಾತ್ರಗಳು. ದೂರದಿಂದ ಗುರಿಯಿಡುವವನು, ಮುನ್ನುಗ್ಗುವವನು, ಗಾಯಕ್ಕೆ ಮದ್ದು ಕಟ್ಟುವವನು: ಈ ಮೂವರ ಓಟ, ಬಲ ಎಲ್ಲವನ್ನೂ ನೀಲಮಳೇ ಬರೆದಿದ್ದಳು. ನಾಲ್ಕನೆಯದನ್ನು ಸಂಗ್ರಾಮ ಮಾಡಿಕೊಂಡು ಬಂದಿದ್ದ. ಹೆಸರು "ಹೊರಿಯಾಕಿ", ಹೊರೆ ಹೊರುವವಳು. ಎಲ್ಲರಿಗಿಂತ ನಿಧಾನ, ಒಂದೇ ಏಟಿಗೆ ಸಾವು.

ನೀಲಮ ಮೌಸ್ ಸರಿಸಿದಾಗ ಪಾತ್ರ ಇತ್ತ ತಿರುಗಿತು. ಎತ್ತಿ ಕಟ್ಟಿದ ಸೀರೆ, ತಲೆಗೆ ಸುತ್ತಿದ ಟವೆಲ್ಲು, ಎಡಗೆನ್ನೆಯ ಮಚ್ಚೆ. ನೀಲಮಳ ತಾಯಿ ಅಕ್ಕುತಾಯಿಯದೇ ಮುಖ.

"ನಿಮ್ಮವ್ವ ನಮ್ಮ ಹೊಲದಾಗ ಕಬ್ಬು ಕಡ್ಯಾಕ ಬಂದಿದ್ಳಲ್ಲ, ಆವಾಗ ಫೋಟೋ ತಗದಿದ್ದೆ," ಸಂಗ್ರಾಮ ನಕ್ಕ. "ಭಾರಿ ಬಂದೈತಿ ನೋಡು."

"ಅವ್ವನ್ನ ಕೇಳಿದ್ದೇನು?"

"ಅದ್ರಾಗೇನ ಕೇಳೂದು? ಆಟ ಅಷ್ಟ."

"ಹಂಗಾದ್ರ ನಿನ್ನ ಹಡದ ಆಯಿ ಮಾರಿ ಹಾಕು."

ಸಂಗ್ರಾಮ ಕುರ್ಚಿ ತಳ್ಳಿ ಎದ್ದ. "ನಮ್ಮ ಆಯಿ ಸುದ್ದಿ ತಗೀಬ್ಯಾಡ!"

"ಯಾಕ? ಆಟ ಅಷ್ಟ ಅಲ್ಲೇನು?"

ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀಲಮ ಮೊದಲು ಅವ್ವನ ಚಿತ್ರ ಅಳಿಸಿದಳು. ತಾನು ಬರೆದ ಪಾತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಒಂದನ್ನೂ ಉಳಿಸದೆ ಹೊರನಡೆದಳು.

ಅಷ್ಟು ಹೊತ್ತು ಬಾಯಿ ಬಿಡದೆ ಕೂತಿದ್ದ ಶ್ರೇಣಿಕ ಬಸ್‌ಸ್ಟ್ಯಾಂಡಿಗೆ ಓಡಿ ಬಂದ.

"ಸೋಮವಾರ ಪ್ರಾಜೆಕ್ಟ್ ತೋರಿಸ್ಬೇಕು ನೀಲಮ. ಇಲ್ಲಾಂದ್ರ ಮೂವರೂ ಫೇಲ್. ಬ್ಯಾರೆ ಮಾರಿ ಹಾಕೂಣು, ಬಾ."

"ಮಾರಿ ಬ್ಯಾರೆ ಹಾಕ್ತೀರಿ. ಬಂದೂಕ ಕೊಡ್ತೀರೇನು?"

"ಎಲ್ಲಾರಿಗೂ ಬಂದೂಕ ಕೊಟ್ರ ಹೊರಾವ್ರ ಯಾರು?"

"ತಮ್ಮ ತಮ್ಮದು ತಾವ ಹೊರ್ರಿ."

ಶ್ರೇಣಿಕ ನೆಲ ನೋಡುತ್ತ ನಿಂತ. "ಸಂಗ್ರಾಮ ಒಪ್ಪಂಗಿಲ್ಲ," ಎಂದ.

"ನೀ ಒಪ್ಪತಿಯೇನು?"

ಅವನು ಎದುರಿಗೆ ಬಂದು ನಿಂತ ಬಸ್ಸಿನ ಬೋರ್ಡು ಓದತೊಡಗಿದ.

"ನಂದು ನಾ ಒಬ್ಬಾಕೇ ತೋರಿಸ್ತೀನಿ. ಫೇಲ್ ಆದ್ರ ಆಗವಲ್ದ್ಯಾಕ," ಎಂದು ನೀಲಮ ತನ್ನೂರು ಬೇಡಕಿಹಾಳದ ಬಸ್ಸು ಹತ್ತಿದಳು.

ಚಿಕ್ಕೋಡಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡದೆ ಮುಂದೆ ಹೋಗುತ್ತಿತ್ತು. ಡ್ರೈವರ್ ಹಾರ್ನು ಬಾರಿಸುತ್ತಲೇ ಇದ್ದ. ಕೊನೆಗೆ ಬಸ್ಸು ಮಗ್ಗುಲಿಗೆ ಸರಿದು ಮುಂದೆ ಹಾಯುವಾಗ, ಹೊರಚಾಚಿದ ಕಬ್ಬಿನ ತುದಿಗಳು ಅವಳ ಕಿಟಕಿಯ ಗಾಜನ್ನು ಉದ್ದಕ್ಕೂ ಕೆರೆಯುತ್ತ ಹೋದವು.