ಪೇಪರ್ ಅಂಟಿಸಿದ ಬೋರ್ಡು

ಸುಳ್ಳು ಹೇಳುವ ಗಂಡಸು ತನ್ನ ಹೆಂಡತಿಯ ಕಸುಬು ಯಾವುದೆಂಬುದನ್ನಾದರೂ ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಗೆರೆಪ್ಪ ಅದನ್ನೇ ಮರೆತ.

ಬೋರ್ಡು ಬರೆಯುವ ಅಂಗಡಿ ಗಂಡ ಹೆಂಡತಿ ಇಬ್ಬರದೂ. ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಕ್ಷರದ ಗೆರೆ ಎಳೆಯುವವನು ಅವನು, ಆ ಗೆರೆಯೊಳಗೆ ಬಣ್ಣ ತುಂಬುವವಳು ಅವಳು. ಬೀದಿಯವರು ಅವನಿಗೆ ಗೆರೆಪ್ಪ ಅಂತಲೂ ಅವಳಿಗೆ ಬಣ್ಣದಕ್ಕ ಅಂತಲೂ ಹೆಸರಿಟ್ಟು, ನಿಜವಾದ ಹೆಸರುಗಳನ್ನು ಯಾವತ್ತೋ ಮರೆತಿದ್ದರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಮಾತು ಬಿಟ್ಟು ಮುಖ ಊದಿಸಿಕೊಂಡ ದಿನಗಳಲ್ಲೂ ಅವನು ಎಳೆದ ಗೆರೆಯನ್ನು ಅವಳ ಬ್ರಶ್ ಕೂದಲೆಳೆಯಷ್ಟೂ ದಾಟಿದ್ದಿಲ್ಲ.

ಬಣ್ಣದಕ್ಕನ ಹೊಟ್ಟೆಯಲ್ಲಿದ್ದ ಗಡ್ಡೆಯನ್ನು ಆಪರೇಶನ್ ಮಾಡಿ ತೆಗೆದರು. "ಬರೀ ಗಡ್ಡೆ ಕಣೆ, ಕೆಟ್ಟದ್ದೇನಲ್ಲವಂತೆ," ಅಂದ ಗೆರೆಪ್ಪ. "ಶಕ್ತಿ ಬರಲಿ ಅಂತ ಆಗಾಗ ಡ್ರಿಪ್ ಹಾಕ್ತಾರೆ, ಅಷ್ಟೇ." ಅವಳು ನಂಬಿದಳು. ಕಟ್ಟಿಕೊಂಡ ಗಂಡನ ಮಾತನ್ನೂ ನಂಬದಿದ್ದರೆ ಇನ್ಯಾರ ಮಾತು ನಂಬುವುದು?

ಮೊದಲ ಡ್ರಿಪ್ಪಿನ ದಿನ ಅವನು ಆಸ್ಪತ್ರೆಯ ಮುಂಬಾಗಿಲು ಬಿಟ್ಟು ಪಕ್ಕದ ಬಾಗಿಲಿನಿಂದ ಕರೆದುಕೊಂಡು ಹೋದ. ಈ ಕಡೆ ಮೆಟ್ಟಿಲು ಕಮ್ಮಿ ಅಂದ. ಅದನ್ನೂ ನಂಬಿದಳು. ವಾರ್ಡಿನ ಬಾಗಿಲ ಮೇಲೊಂದು ಬೋರ್ಡು, ಅದರ ಮೇಲೆ ಹಳೇ ಪೇಪರ್ ಅಂಟಿಸಿತ್ತು. ಬೇರೆ ಯಾರಾದರೂ ಆಗಿದ್ದರೆ ಸುಣ್ಣಬಣ್ಣ ನಡೆಯುತ್ತಿರಬೇಕು ಅಂದುಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಬಣ್ಣದಕ್ಕ ನಿಂತಳು. ಪೇಪರಿನ ಅಂಚನ್ನು ಎರಡು ಸಲ ಒಳಕ್ಕೆ ಮಡಿಚಿ ಹೆಬ್ಬೆರಳಿನಿಂದ ಒತ್ತಿದ ಗುರುತಿತ್ತು. ಹಾಗೆ ಅಂಚು ಮಡಿಚುವ ಮನುಷ್ಯ ಅವಳಿಗೆ ಗೊತ್ತಿದ್ದಂತೆ ಲೋಕದಲ್ಲಿ ಒಬ್ಬನೇ. ಅವನು ಅವಳ ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಕೆಳಗಡೆ ಪೇಪರ್ ಸಾಲದೆ ಬೋರ್ಡಿನ ಪಟ್ಟಿ ಬೆರಳಗಲ ಕಾಣುತ್ತಿತ್ತು. ಕೆಂಪಿಗೆ ಒಂದು ಚೂರು ಕಪ್ಪು ಬೆರೆಸಿದ ಆ ಬಣ್ಣವನ್ನು ಕಲಸಿದ್ದು ಅವಳೇ. ಆ ಬೋರ್ಡಿನ ಒಂದೊಂದು ಅಕ್ಷರಕ್ಕೂ ಬಣ್ಣ ತುಂಬಿದ್ದು ಅವಳೇ. ಪೇಪರಿನ ಅಡಿಯಲ್ಲಿ 'ಕ್ಯಾನ್ಸರ್ ವಿಭಾಗ' ಅಂತ ಇರುವುದನ್ನು ಅವಳಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

ಹೆದರಿಕೆಗೆ ಜಾಗ ಸಿಕ್ಕಿದ್ದು ಒಂದು ಗಳಿಗೆ. ಹಿಂದೆಯೇ ಸಿಟ್ಟು ಬಂದು ಅದನ್ನು ಆಚೆ ದಬ್ಬಿ ತಾನು ಕೂತಿತು.

"ಏನ್ರೀ ಇದು, ಬೋರ್ಡಿಗೆ ಪೇಪರು?"

"ಏನೋಪ್ಪ, ರಿಪೇರಿ ಇರಬೇಕು," ಅಂದ ಗೆರೆಪ್ಪ, ಗೋಡೆ ನೋಡುತ್ತ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದೆ, ಕುಡಿಯಲಿ ಅಂದುಕೊಂಡಳು ಬಣ್ಣದಕ್ಕ. ಕಣ್ಣು ಬಿಡುವ ಹೊತ್ತಿಗೆ ಎದುರಿಗೆ ನಾನಿರುತ್ತೇನೆ.

ಮನೆಗೆ ಬಂದ ಮೇಲೆ ಒಂದೊಂದೇ ಅರ್ಥವಾಗತೊಡಗಿತು. ಎದುರುಗಡೆಯ ಬೀಗ ರಿಪೇರಿಯವನು ಅಂಗಡಿ ಮುಂದಿನ ಮೊಳ ಜಾಗಕ್ಕೆ ಅವಳ ಜೊತೆ ಕಿತ್ತಾಡುತ್ತ ಬಂದವನು. ಅಂಥವನು ಈಚೆಗೆ "ಅಲ್ಲೇ ಹಲಗೆ ಒಣಗಿಸ್ಕೊಳ್ಳಿ ಬಣ್ಣದಕ್ಕ, ಪಾಪ" ಅನ್ನುತ್ತಿದ್ದ. ಆ 'ಪಾಪ' ಎಲ್ಲಿಂದ ಬಂತು ಅಂತ ಈಗ ತಿಳಿಯಿತು. ನೋಡಿಕೊಳ್ಳುತ್ತೇನೆಂದು ಬಂದು ಕೂತಿದ್ದ ಗಂಡನ ಅಕ್ಕ, ಅಂದರೆ ಅತ್ತಿಗೆ, ಅಡುಗೆಮನೆಯಲ್ಲಿ ತಮ್ಮನಿಗೆ ಪಿಸುಗುಡುವುದೂ ಕೇಳಿಸಿತು. "ಅವಳಿಗೆ ಮಾತ್ರ ಹೇಳಬೇಡ್ವೋ. ಎದೆ ಒಡ್ಕೊಂಡು ಹೋಗಿಬಿಡ್ತಾಳೆ." ಅವಳೊಬ್ಬಳಿಗೆ ಮಾತ್ರ. ಮಿಕ್ಕವರಿಗೆಲ್ಲ "ಯಾರಿಗೂ ಹೇಳಬೇಡಿ" ಅಂತ ಮನೆಮನೆಗೆ ಹೋಗಿ ಹೇಳಿ ಬಂದವಳು ಈ ಅತ್ತಿಗೆಯೇ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತೇನೋ. ನುಂಗಲಾಗದ್ದು ಸ್ಕೂಲಿನ ಗೋಡೆ. ಆ ಉದ್ದನೆಯ ಕಾಂಪೌಂಡ್ ಗೋಡೆಗೆ ಅಕ್ಷರಮಾಲೆ ಬರೆಯುವ ಕೆಲಸಕ್ಕಾಗಿ ಅವಳು ವರ್ಷದಿಂದ ಕಾದಿದ್ದಳು. ದಾರಿಯಲ್ಲಿ ಸಿಕ್ಕ ಹೆಡ್‌ಮಿಸ್ಸು ಅವಳ ಕೈ ಹಿಡಿದುಕೊಂಡು, "ನಿಮ್ಮೆಜಮಾನ್ರು ಹೇಳಿದ್ರು, ನೀವಿನ್ನು ಬ್ರಶ್ ಹಿಡಿಯೋ ಹಾಗಿಲ್ಲವಂತೆ. ರೆಸ್ಟ್ ತಗೊಳ್ಳಿ," ಅಂದರು. ಮೈಯೆಲ್ಲ ಉರಿದುಹೋಯಿತು. ಉಸಿರಾಡುತ್ತಿರುವಾಗಲೇ ಹೂತು ಮಣ್ಣು ಎಳೆದುಬಿಟ್ಟರಲ್ಲ! ಅದೂ ಅವಳ ಕೈಯನ್ನು ಮೊದಲು ಹೂತರು.

ಜಗಳ ತೆಗೆಯುವುದು ಸುಲಭವಿತ್ತು. ಆದರೆ ಜಗಳವಾಡಿದರೆ ಅವನು ಅಳುತ್ತಾನೆ, ಅತ್ತಿಗೆ ತಲೆ ಚಚ್ಚಿಕೊಳ್ಳುತ್ತಾಳೆ, ಕೊನೆಗೆ ಸಮಾಧಾನ ಮಾಡುವ ಕೆಲಸವೂ ಇವಳ ತಲೆಗೇ ಬರುತ್ತದೆ. ಬಣ್ಣದಕ್ಕನಿಗೆ ಬೇಕಾಗಿದ್ದು ಒಂದೇ. ಬೀದಿಗೆಲ್ಲ ಹಂಚಿದ ಆ ಮಾತು ಗಂಡನ ಬಾಯಿಂದ ಅವಳ ಮುಖಕ್ಕೆ ಬರಬೇಕು. ಮೂಗು ಹಿಡಿದರೆ ಬಾಯಿ ತಾನಾಗಿಯೇ ತೆರೆಯುತ್ತದೆ. ಗೆರೆಪ್ಪನ ಮೂಗು ಎಲ್ಲಿದೆಯೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನದೊಂದು ರೂಢಿಯಿತ್ತು. ಬರೆಯಬೇಕಾದ ಪೂರ್ತಿ ಸಾಲನ್ನು ಅವನು ಯಾವತ್ತೂ ಮುಂಚೆ ಕೇಳುತ್ತಿರಲಿಲ್ಲ. ಅರ್ಥ ತಲೆಗೆ ಹೋದರೆ ಗೆರೆ ಸೊಟ್ಟಗಾಗುತ್ತದೆ ಅನ್ನುವುದು ಅವನ ಸಿದ್ಧಾಂತ. ಅವಳು ಒಂದೊಂದೇ ಪದ ಹೇಳಬೇಕು, ಅವನು ಅದಷ್ಟನ್ನೇ ಎಳೆಯಬೇಕು.

ಅವತ್ತು ಬೆಳಿಗ್ಗೆ ಅಂಗಡಿಯ ದೊಡ್ಡ ಹಲಗೆಗೆ ತಾನೇ ಬಿಳಿ ಬಣ್ಣ ಹೊಡೆದು ಒಣಗಿಸಿಟ್ಟಿದ್ದಳು. "ಅರ್ಜೆಂಟ್ ಕೆಲಸ ಬಂದಿದೆ, ಬನ್ನಿ," ಅಂದಳು. ಅತ್ತಿಗೆ ಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತಿದ್ದಳು. ಗೆರೆಪ್ಪ ದಾರ ಹಿಡಿದು ಅಡ್ಡಗೆರೆ ಹೊಡೆದುಕೊಂಡು, ಸೀಮೆಸುಣ್ಣ ಚೂಪು ಮಾಡಿಕೊಂಡು, "ಹೂಂ, ಹೇಳು," ಅಂದ.

"ಕ್ಯಾನ್ಸರ್," ಅಂದಳು ಬಣ್ಣದಕ್ಕ.

ಸೀಮೆಸುಣ್ಣ ಮುರಿಯಿತು.

"ಯಾ... ಯಾರದೇ ಈ ಬೋರ್ಡು?"

"ಗಿರಾಕೀದು. ನೀವು ಯಾವತ್ತಿಂದ ಅರ್ಥ ಕೇಳೋಕೆ ಶುರು ಮಾಡಿದ್ರಿ?"

"ಥೂ, ಅಪಶಕುನದ ಮಾತು!" ಅಂದಳು ಅತ್ತಿಗೆ. "ಇಂಥ ಬೋರ್ಡು ಯಾಕೆ ಒಪ್ಕೊಂಡೆ?"

"ಬೋರ್ಡು ತಾನೇ ಅತ್ತಿಗೆ, ನಮ್ಮ ಮನೇಲೇನು ಅದು ಇದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತಿಗೆ ಖಾಲಿ ಲೋಟವನ್ನು ಬಾಯಿಗಿಟ್ಟುಕೊಂಡು ಇನ್ನೊಂದು ಸಲ ಕುಡಿದಳು.

"ಆ ಪದಕ್ಕೆ ಜಾಗ ಬಿಟ್ಟಿರ್ತೀನಿ, ಆಮೇಲೆ ಬರೀತೀನಿ," ಅಂದ ಗೆರೆಪ್ಪ. "ಮುಂದಿಂದು ಹೇಳು."

ಅವಳು ಹೇಳುತ್ತ ಹೋದಳು. ಇರುವುದು. ಅವನು ಎಳೆದ. ನನಗೆ. ಎಳೆದ. ಗುಸುಗುಸು. ಬೇಡ. ಒಳಗೆ. ಬಂದು. ಕೇಳಿ. ರೂಢಿಯ ಕೈ ತನ್ನ ಪಾಡಿಗೆ ಓಡುತ್ತಿತ್ತು. ಬಣ್ಣದ. ಕೆಲಸ. ಇಲ್ಲಿ ಕೈ ನಿಧಾನವಾಯಿತು. ಎಂದಿನಂತೆ. ನಡೆಯುತ್ತದೆ. ಕೊನೆಯ ಅಕ್ಷರದ ಎತ್ವ ಎಳೆದು, ಯಾವಾಗಲೂ ಮಾಡುವ ಹಾಗೆ ಹಿಂದಕ್ಕೆ ಸರಿದು ನಿಂತು, ಅವನು ಮೊದಲ ಸಲ ಬೋರ್ಡು ಓದಿದ.

ಮೊದಲ ಪದದ ಜಾಗವೊಂದು ಬೆಳ್ಳಗೆ ಉಳಿದಿತ್ತು.

"ಯಾವಾಗ ಗೊತ್ತಾಯ್ತು?" ಅಂದ.

"ಆ ಪೇಪರ್ ನೋಡಿದ ದಿನವೇ. ಅಂಚು ಮಡಿಚೋದನ್ನಾದ್ರೂ ಬೇರೆ ಥರ ಮಡಿಚಬಾರದಿತ್ತಾ? ನನ್ನದೇ ಬೋರ್ಡನ್ನ ನನ್ನಿಂದ ಬಚ್ಚಿಡೋಕೆ ಹೋಗಿದ್ದೀರಲ್ಲ, ನಾಚಿಕೆ ಆಗಲಿಲ್ವಾ?"

ಗೆರೆಪ್ಪ ಹಲಗೆಯ ಪಕ್ಕದಲ್ಲೇ ಕುಸಿದು ಕೂತು ಅಳತೊಡಗಿದ. "ನಿನ್ನ ಮುಖ ನೋಡ್ಕೊಂಡು ಹೇಳೋ ಧೈರ್ಯ ಬರಲಿಲ್ಲ ಕಣೆ."

"ಅಳೋದು ಆಮೇಲೆ," ಅಂದಳು. "ಧೈರ್ಯ ಬೇಕಾಗಿದ್ದು ನನಗೆ. ನೋವು ಬಂದಾಗ ಗೋಡೆ ಕಡೆ ತಿರುಗಿ ಹಲ್ಲು ಕಚ್ಕೊಂಡು ಮಲಗಿದ್ದೆ. ಬರೀ ಗಡ್ಡೆಗೆ ಇಷ್ಟು ನರಳಿದ್ರೆ ನಗ್ತೀರಿ ಅಂತ. ನೀವೆಲ್ಲ ಸೇರಿ ಗುಟ್ಟು ಕಾಯ್ತಾ ಇದ್ರಿ. ನನ್ನನ್ನ ಯಾರು ಕಾಯ್ತಾ ಇದ್ರು?"

ಅತ್ತಿಗೆ ಎದ್ದಳು. "ಎಲ್ಲಾ ನಿನ್ನ ಒಳ್ಳೇದಕ್ಕೇ..."

"ನೀವು ಕೂತ್ಕೊಳ್ಳಿ ಅತ್ತಿಗೆ. ನಿಮ್ಮ ಪಾಳಿ ಬರುತ್ತೆ. ಹೇಳಿ ರೀ, ನನಗೇನಾಗಿದೆ?"

ಅವನು ತಲೆ ಎತ್ತಿದ. "ನಿನಗೆ... ಕ್ಯಾನ್ಸರ್ ಕಣೆ."

ಗೆದ್ದೆ ಅನ್ನಿಸಿತು. ಹೊಟ್ಟೆ ತಣ್ಣಗಾಗುವಷ್ಟು ಖುಷಿಯೇ ಆಯಿತು. ಅದೇ ಉಸಿರಿನಲ್ಲಿ, ಪೇಪರಿನ ಅಡಿಯಲ್ಲಿ ಓದಿದಾಗ ಆಗದಷ್ಟು ನೋವೂ ಆಯಿತು. ಅಲ್ಲಿಯವರೆಗೆ ಅವಳ ಮನಸ್ಸಿನ ಯಾವುದೋ ಮೂಲೆಯಲ್ಲಿ, ಗಂಡ ಹೇಳಿಲ್ಲವಲ್ಲ, ಇಲ್ಲದೆಯೂ ಇರಬಹುದು ಅನ್ನುವ ಆಸೆ ಕೂತಿತ್ತು. ಈಗ ಅದು ಎದ್ದು ಹೋಯಿತು.

"ಈಗ ಬರೀರಿ," ಅಂದಳು.

ಬರೆದ. ಗೆರೆ ಸೊಟ್ಟಗಾಯಿತು. ಅಳಿಸಲು ಹೋದವನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಸೊಟ್ಟ ಗೆರೆಯೊಳಗೇ, ಒಂದು ಕೂದಲೆಳೆಯೂ ಆಚೆ ಹೋಗದಂತೆ ಕೆಂಪು ತುಂಬಿದಳು. ಬೋರ್ಡನ್ನು ಅಂಗಡಿಯ ಮೇಲೆ ಏರಿಸುವಾಗ ಏಣಿ ಹಿಡಿದುಕೊಂಡವಳು ಅತ್ತಿಗೆ. "ಬೀದಿಯವರೆಲ್ಲ ನೋಡ್ತಿದ್ದಾರೆ ಕಣೆ, ಮಾನ ಹೋಗುತ್ತೆ!" ಅಂತ ಕೆಳಗಿನಿಂದ ಗೋಳಿಟ್ಟಳು.

"ನೀವೇ ಹೇಳಿ ಬಂದಿದ್ದಲ್ವಾ ಅತ್ತಿಗೆ? ಕೇಳಿಸಿಕೊಂಡವರು ಓದ್ಕೊಳ್ಳಲಿ ಬಿಡಿ. ಏಣಿ ಗಟ್ಟಿ ಹಿಡೀರಿ."

ಮೊದಲು ಒಳಗೆ ಬಂದವನು ಬೀಗ ರಿಪೇರಿಯವನು. "ಇವರನ್ನ ಕೇಳಿ," ಅಂತ ಗಂಡನ ಕಡೆ ಬ್ರಶ್ ತೋರಿಸಿದಳು ಬಣ್ಣದಕ್ಕ. ಸೇಡಿನ ಉಳಿದ ಭಾಗ ಅದು. ಬಂದವರಿಗೆಲ್ಲ ಉತ್ತರ ಕೊಡುವವನು ಅವನೇ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಹಾಲಿನವಳಿಗೆ ಹೇಳಿದ, ಹೆಡ್‌ಮಿಸ್ಸಿಗೆ ಹೇಳಿದ, ದಾರಿ ತಪ್ಪಿ ವಿಳಾಸ ಕೇಳಲು ಬಂದವನಿಗೂ ಹೇಳಿಬಿಟ್ಟ. ವಾರ ಕಳೆಯುವುದರೊಳಗೆ ಆ ಪದ ಅವನ ಗಂಟಲಿಗೆ ಸಿಕ್ಕಿಕೊಳ್ಳುವುದು ಕಮ್ಮಿಯಾಯಿತು. ಬೀಗ ರಿಪೇರಿಯವನು ಮತ್ತೆ ಮೊಳ ಜಾಗಕ್ಕೆ ಜಗಳ ತೆಗೆದ. ಬಣ್ಣದಕ್ಕ ಬಾಯ್ತುಂಬ ಬೈದಳು, ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಸ್ಕೂಲಿನ ಗೋಡೆಯೂ ವಾಪಸು ಬಂತು.

ಮುಂದಿನ ಡ್ರಿಪ್ಪಿಗೆ ಮುಂಬಾಗಿಲಿನಿಂದಲೇ ಹೋದರು. ವಾರ್ಡಿನ ಬೋರ್ಡಿನ ಮೇಲೆ ಪೇಪರ್ ಹಾಗೆಯೇ ಇತ್ತು. "ತೆಗೀಬೇಡಿ," ಅಂತ ಆಯಾ ಓಡಿ ಬಂದಳು. "ನಿಮ್ಮವರು ಅಂಟಿಸಿದ್ದು ಎಲ್ರಿಗೂ ಹಿಡಿಸಿಬಿಟ್ಟಿದೆ. ಒಳಗಿರೋರಿಗೆ ಗೊತ್ತಾಗೋದು ಬೇಡ, ಇರಲಿ ಅಂತಾರೆ ಅವರ ಮನೆಯವರು."

ಬಣ್ಣದಕ್ಕ ಸ್ಟೂಲು ಎಳೆದು ಬಾಗಿಲ ಕೆಳಗಿಟ್ಟಳು. "ಅಂಟಿಸಿದ ಕೈಯೇ ಕೀಳಲಿ," ಅಂದಳು.

ಗೆರೆಪ್ಪ ಹತ್ತಿ ಕಿತ್ತ. ಪರ್ರೆಂದು ಪೇಪರ್ ಹರಿದು ಬಂತು. ಆ ಸದ್ದಿಗೆ ಬಾಗಿಲ ಪಕ್ಕದ ಹಾಸಿಗೆಯಲ್ಲಿದ್ದ ಮುದುಕಿ ತಲೆ ಎತ್ತಿ ನೋಡಿ, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

"ನಮಗೆಲ್ಲ ಗೊತ್ತು ಕಣಮ್ಮಾ. ಮಕ್ಕಳಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ವಿ."

ಪಕ್ಕದ ಹಾಸಿಗೆಯವಳೂ ನಕ್ಕಳು. ಅದರಾಚೆಯವಳು ನಗುವುದೋ ಅಳುವುದೋ ತಿಳಿಯದೆ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಮುದುಕಿಯ ಮಗ ಹಣ್ಣಿನ ಚೀಲ ಹಿಡಿದುಕೊಂಡು, "ಅಮ್ಮಾ, ಹುಣ್ಣು ವಾಸಿಯಾಗ್ತಾ ಇದೆಯಂತೆ," ಅನ್ನುತ್ತ ಬಂದ. ಬಂದವನು ಬೋರ್ಡು ನೋಡಿ ಬಾಗಿಲಲ್ಲೇ ಕಲ್ಲಾದ. ನಲವತ್ತು ದಾಟಿದ ಗಂಡಸು, ಈಗಲೋ ಆಗಲೋ ಅತ್ತುಬಿಡುವ ಹಾಗೆ ನಿಂತಿದ್ದ. ತಾಯಿ ಅವನನ್ನು ನೋಡಿದಳು, ಆಮೇಲೆ ಬಣ್ಣದಕ್ಕನನ್ನು ನೋಡಿದಳು.

ಬಣ್ಣದಕ್ಕನಿಗೆ ಅವನ ಮೇಲೆ ಒಂದಿಷ್ಟೂ ಕನಿಕರ ಬರಲಿಲ್ಲ. ಹಾಸಿಗೆಯ ಮೇಲೆ ಕೂತು, ಸೂಜಿ ಚುಚ್ಚಿಸಿಕೊಳ್ಳಲು ನರ್ಸಿನ ಕಡೆ ಕೈ ಚಾಚಿ, ಪಕ್ಕದಲ್ಲಿ ಬಂದು ಕೂತಿದ್ದ ಗಂಡನನ್ನು ಮೊಣಕೈಯಿಂದ ತಿವಿದಳು.

"ಎದ್ದು ಹೋಗಿ. ಆ ಮಾತು ಹೇಗೆ ಹೇಳೋದು ಅಂತ ಅವನಿಗೂ ಹೇಳಿಕೊಡಿ."

ಗೆರೆಪ್ಪ ಹರಿದ ಪೇಪರನ್ನು ಅವಳ ಚೀಲದೊಳಗೆ ತುರುಕಿ, ಎದ್ದು ಹೋಗಿ ಆ ಮಗನ ಹೆಗಲ ಮೇಲೆ ಕೈ ಇಟ್ಟ.