ಕನಕಮ್ಮನ ತೋಟದ ಹಳದಿ ಕೊಂಬೆ

ದಾಳಿಂಬೆಯ ಬೇರಿಗೆ ತಗಲುವ ಸೊರಗು ರೋಗದ ಬೆನ್ನುಬಿದ್ದು ವಿಜ್ಞಾನಿ ಯಶೋಧರಾ ಇಪ್ಪತ್ತಾರು ವರ್ಷ ಸವೆಸಿದ್ದಳು. ಅದು ಮಣ್ಣಿನಿಂದ ಹರಡುವ ರೋಗ; ಹಿಡಿಯಿತೆಂದರೆ ಗಿಡದ ಆಸೆ ಬಿಡಬೇಕು. ಸಲಿಕೆ ತೊಳೆಯಿರಿ, ಚಪ್ಪಲಿ ತೊಳೆಯಿರಿ, ರೋಗದ ಹೊಲ ಬಿಟ್ಟು ಹೊಸ ನೆಲದಲ್ಲಿ ನೆಡಿರಿ ಎಂದು ರೈತರ ತಲೆ ತಿಂದವಳು ಅವಳು. ಅಂಥವಳ ಕೈಯಿಂದಲೇ ಈ ಕೆಲಸ ಆಯಿತೆಂದರೆ ಯಾರು ನಂಬಬೇಕು?

ಶ್ರಾವಣದಲ್ಲಿ ಅವಳು ರೈತರಿಗೊಂದು ತರಬೇತಿ ಇಟ್ಟಳು. ಅದೂ ಎಲ್ಲಿ? ಮಸ್ಕಿ ಹತ್ತಿರದ ಕನಕಮ್ಮನ ತೋಟದಲ್ಲಿ. ಸುತ್ತಲ ಹಳ್ಳಿಗಳಲ್ಲಿ ರೋಗ ಮುಟ್ಟದೆ ಉಳಿದಿದ್ದ ತೋಟ ಅದೊಂದೇ. ಸಿಂಧನೂರು, ಲಿಂಗಸೂಗೂರು ಕಡೆಯಿಂದ ನಲವತ್ತು ಜನ ಬಂದರು. ಬರಿಗೈಲಿ ಬಂದಾರೆಯೇ? ತಮ್ಮ ತಮ್ಮ ಒಣಗಿದ ಗಿಡಗಳನ್ನು ಬೇರು, ಮಣ್ಣು ಸಮೇತ ಕಿತ್ತು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಯಶೋಧರಾಗೆ ಖುಷಿಯೋ ಖುಷಿ. ಎಲ್ಲರಿಗೂ ಕಾಣಲೆಂದು ಒಂದೊಂದೇ ಬೇರನ್ನು ನೀರಿನ ತೊಟ್ಟಿಯ ಪಕ್ಕ ತೊಳೆದು, ಸೀಳಿ ತೋರಿಸಿದಳು. ತೊಳೆದ ನೀರು ಸಾಲು ಹಿಡಿದು ಗಿಡಗಳ ಬುಡಕ್ಕೆ ಹರಿಯಿತು. ಅಷ್ಟು ಜನರಲ್ಲಿ ಒಬ್ಬರೂ ಅತ್ತ ನೋಡಲಿಲ್ಲ.

ಮಾಘದಲ್ಲಿ ಕನಕಮ್ಮನ ಫೋನ್ ಬಂತು.

"ಒಂದು ಗಿಡದ ಕೊಂಬಿ ಹಳದಿ ಆಗೈತ್ರಿ ಮೇಡಂ. ಬಂದು ನೋಡ್ರಿ."

ಆ ಗಿಡ ತೊಟ್ಟಿಯ ಪಕ್ಕದಲ್ಲೇ ಇತ್ತು. ನೋಡಿದ ಕೂಡಲೇ ಯಶೋಧರಾ ಸಲಿಕೆ ಎತ್ತಿಕೊಂಡಳು. ಬುಡ ಅಗೆದು ಬೇರು ಸೀಳಿದಳು. ಒಳಗೆಲ್ಲ ಕಪ್ಪು. ತಲೆಯೆತ್ತಿ ಸಾಲಿನುದ್ದಕ್ಕೂ ಕಣ್ಣಾಡಿಸಿದಳು. ಎರಡನೆಯ ಗಿಡದಲ್ಲಿ ಒಂದು ಹಳದಿ ಕೊಂಬೆ, ಮೂರನೆಯದರಲ್ಲಿ ಒಂದು, ಆಚೆಗೂ ಅದೇ. ನೀರು ಹೋದ ದಾರಿಯಲ್ಲೇ ರೋಗವೂ ಹೋಗಿತ್ತು.

"ಇದು ಎಲ್ಲಿಂದ ಬಂತ್ರಿ?" ಕನಕಮ್ಮ ಕೇಳಿದಳು.

ಗಾಳಿ ಎನ್ನಬಹುದಿತ್ತು, ಮಳೆ ಎನ್ನಬಹುದಿತ್ತು. ತಿರುಗಿ ಕೇಳುವವರು ಯಾರೂ ಇರಲಿಲ್ಲ. ಆದರೆ ನಾಚಿಕೆಯಿಂದ ಯಶೋಧರಾಳ ಮುಖ ಸುಡುತ್ತಿತ್ತು.

"ನಾನೇ ತಂದೀನಿ ಅಕ್ಕಾ. ಅವತ್ತ ಇಲ್ಲಿ ಬೇರು ತೊಳದ್ನಲ್ಲ, ಆ ನೀರಿಂದ ಬಂದೈತಿ. ಈ ತೋಟ ಉಳಿಯಂಗಿಲ್ಲ."

ಬೈಗುಳಕ್ಕೆ ಕಾದು ನಿಂತಳು. ಕನಕಮ್ಮ ಬೈಯಲಿಲ್ಲ. ಬದುವಿನ ಮೇಲೆ ಕುಸಿದು ಕುಳಿತಳು.

"ಹಂಗಾರ ನಾ ಕೊಟ್ಟ ಸಸಿ ಗತಿ ಏನ್ರಿ?"

"ಯಾವ ಸಸಿ?"

"ರೋಗ ಇಲ್ಲದ ತೋಟ ಇದೊಂದೇ ಅಂತ ಅವತ್ತ ನೀವ ಹೇಳಿದ್ರಲ್ಲ, ಜನ ಮುಗಿಬಿದ್ರು. ಇದೇ ಮಣ್ಣು ಚೀಲಕ್ಕ ತುಂಬಿ ಎರಡು ಸಾವಿರ ಸಸಿ ಮಾಡಿ ಕೊಟ್ಟೀನಿ. ಮುದಗಲ್ಲಿಗೆ ಹೋಗ್ಯಾವ, ಹಟ್ಟಿ ಕಡೆ ಹೋಗ್ಯಾವ."

ಯಶೋಧರಾ ಅವಳ ಎದುರು ಕುಕ್ಕರಿಸಿದಳು. "ಎಲ್ಲಿ ಹಚ್ಯಾರ?"

"ನೀವು ಹೇಳಿದಂಗ ಮಾಡ್ಯಾರ್ರಿ. ರೋಗದ ಹೊಲ ಬಿಟ್ಟು, ದಾಳಿಂಬ್ರಿನೇ ಕಾಣದ ಹೊಸಾ ನೆಲದಾಗ ಹಚ್ಯಾರ."